ಹನ್ನೊಂದನೇ ನಂಬರಿನಿಂದ ಶುರುವಾದ ಅಮರ ಚಿತ್ರ ಕಥೆ: ಕಾರ್ಕಳದ ಅನಂತ ಪೈ ಕಟ್ಟಿದ್ದು, ಕೊನೆಗೆ ಮಾರಾಟವಾದದ್ದು

ಮನೆಯ ಅಟ್ಟದ ಮೇಲೋ, ಹಳೇ ಟ್ರಂಕಿನಲ್ಲೋ ಅಮರ ಚಿತ್ರ ಕಥೆಯ ಹಳೆಯ ಪುಸ್ತಕಗಳು ಇದ್ರೆ ಒಮ್ಮೆ ಅದರ ನಂಬರ್ ನೋಡಿ. ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕ 'ಕೃಷ್ಣ'. ಆದರೆ ಅದಕ್ಕೆ ಕೊಟ್ಟ ನಂಬರ್ 11. ಹಾಗಾದ್ರೆ ಒಂದರಿಂದ ಹತ್ತರವರೆಗಿನ ಪುಸ್ತಕ ಎಲ್ಲಿ ಹೋದವು? ಈ ಪ್ರಶ್ನೆ ಬೆನ್ನು ಹತ್ತಿದರೆ ನಾವು ಮುಂಬೈಗಲ್ಲ, ಬೆಂಗಳೂರಿಗೆ ಬಂದು ನಿಲ್ಲುತ್ತೇವೆ.

ಅಮರ ಚಿತ್ರ ಕಥೆ ಅಂದ ಕೂಡಲೇ ಎಲ್ಲರೂ ಹೇಳೋದು ಅನಂತ ಪೈ ಹೆಸರು. ದೇಶದ ಮಕ್ಕಳೆಲ್ಲ ಅಂಕಲ್ ಪೈ ಅಂತ ಕರೆದ ವ್ಯಕ್ತಿ. ಅವರು ನಮ್ಮ ರಾಜ್ಯದವರು, ಕಾರ್ಕಳದವರು ಅನ್ನೋದು ಚನ್ನಗಿರಿ, ಹೊನ್ನಾಳಿ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಪುಸ್ತಕ ಮಾಡಿದರು, ಇನ್ನೊಬ್ಬರು ಅದನ್ನು ಅಚ್ಚು ಹಾಕಿಸಿ ಮಾರಿದರು, ಆ ಜೋಡಿ ನಲವತ್ತು ವರ್ಷ ನಡೆದು 2007ರಲ್ಲಿ ಮುಗಿಯಿತು ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅಂಗಡಿ ವ್ಯವಹಾರ ಮಾಡುವವರು ಈ ಕಥೆಯನ್ನು ಒಮ್ಮೆ ಓದಬೇಕು. ಇದರಲ್ಲಿ ಪುರಾಣ ಎಷ್ಟಿದೆಯೋ ವ್ಯಾಪಾರವೂ ಅಷ್ಟೇ ಇದೆ.

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. ತಂದೆ ವೆಂಕಟರಾಯ ಪೈ, ತಾಯಿ ಸುಶೀಲಾ. ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇರಲಿಲ್ಲ. ಅಜ್ಜನ ಆಸರೆಯಲ್ಲಿ ಬೆಳೆದರು. ಮನೆಮಾತು ಕೊಂಕಣಿ, ಬೀದಿಯಲ್ಲಿ ತುಳು, ಕನ್ನಡ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಮುಂಬೈ ಸೇರಿ ಮಾಹಿಮ್‌ನ ಓರಿಯಂಟ್ ಶಾಲೆಯಲ್ಲಿ ಓದಿದರು. ಕರಾವಳಿಯ ಎಷ್ಟೋ ಹುಡುಗರು ಆ ಕಾಲದಲ್ಲಿ ಮುಂಬೈಗೆ ಹೋಗಿ ಹೋಟೆಲಿನಲ್ಲಿ ನಿಂತರು. ಈ ಹುಡುಗ ಓದಿನಲ್ಲಿ ನಿಂತ. ಮುಂಬೈ ವಿಶ್ವವಿದ್ಯಾಲಯದ ಕೆಮಿಕಲ್ ಟೆಕ್ನಾಲಜಿ ವಿಭಾಗದಲ್ಲಿ ಪದವಿ ಆಯಿತು. ಓದಿದ್ದು ರಸಾಯನಶಾಸ್ತ್ರ, ಹುಚ್ಚು ಮಾತ್ರ ಮಕ್ಕಳ ಪುಸ್ತಕದ್ದು.

ಕಾರ್ಖಾನೆ ಸೇರಿದ್ದರೆ ಒಳ್ಳೇ ಸಂಬಳ ಸಿಗುತ್ತಿತ್ತು. ಅದು ಬಿಟ್ಟು 1954ರಲ್ಲಿ 'ಮಾನವ' ಅಂತ ಒಂದು ಮಕ್ಕಳ ಪತ್ರಿಕೆ ಶುರು ಮಾಡಿದರು. ಅದು ನಿಲ್ಲಲಿಲ್ಲ. ಕೈ ಸುಟ್ಟುಕೊಂಡ ಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದಲ್ಲಿ ಸಣ್ಣ ಹುದ್ದೆಗೆ ಸೇರಿಕೊಂಡರು.

ಅಲ್ಲಿ ಒಂದು ಸಮಸ್ಯೆ ಇತ್ತು. ಪ್ರೆಸ್ಸಿನಲ್ಲಿ ದೊಡ್ಡ ದೊಡ್ಡ ಬಣ್ಣದ ಮುದ್ರಣ ಯಂತ್ರಗಳು. ಕ್ಯಾಲೆಂಡರ್ ಸೀಸನ್ ಮುಗಿದರೆ ಅವುಗಳಿಗೆ ಕೆಲಸವಿಲ್ಲ. ಬಂಡವಾಳ ಹಾಕಿದ ಯಂತ್ರ ಸುಮ್ಮನೆ ನಿಂತರೆ ಏನಾಗುತ್ತೆ ಅಂತ ಅಡಿಕೆ ಸುಲಿಯೋ ಮೆಷಿನ್ ಇಟ್ಟವರಿಗೆ ಬೇರೆ ಹೇಳಬೇಕಿಲ್ಲ. ಕಾಮಿಕ್ಸ್ ಅಚ್ಚು ಹಾಕಿದ್ರೆ ಹೇಗೆ ಅನ್ನೋ ಮಾತು ಬಂತು. ಮೇಲಿನವರ ಮನಸ್ಸು ಸೂಪರ್‌ಮ್ಯಾನ್ ಕಡೆಗಿತ್ತು. ನಮ್ಮ ಜನಕ್ಕೆ ಕಾಡಿನ ಫ್ಯಾಂಟಮ್ ಹೆಚ್ಚು ಹತ್ತಿರ ಅಂತ ಪೈ ಹೇಳಿದರು. 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಬಂತು, ಫ್ಯಾಂಟಮ್ ಗೆದ್ದ. ಮುಂದೆ ಆ ಕಾಮಿಕ್ಸ್ ಕನ್ನಡದಲ್ಲೂ ಬಂತು. ಐವತ್ತು ದಾಟಿದ ನಮ್ಮೋರಲ್ಲಿ ಅನೇಕರಿಗೆ ಬೇತಾಳನ ಗುಹೆ ಈಗಲೂ ಕಣ್ಣ ಮುಂದೆ ಬರುತ್ತೆ.

ಈಗ ಬೆಂಗಳೂರಿಗೆ ಬರೋಣ. 1965. ಮುಂಬೈ ಮೂಲದ ಇಂಡಿಯಾ ಬುಕ್ ಹೌಸ್, ಅಂದ್ರೆ ಐಬಿಎಚ್, ದೇಶದಾದ್ಯಂತ ಪುಸ್ತಕ ಹಂಚುವ ದೊಡ್ಡ ಸಂಸ್ಥೆ. ಅದರ ಬೆಂಗಳೂರು ಕಡೆಯ ಮಾರಾಟ ನೋಡಿಕೊಳ್ಳುತ್ತಿದ್ದವರು ಜಿ.ಕೆ. ಅನಂತರಾಮ್. ಕನ್ನಡದ ಮಕ್ಕಳಿಗೆ ಬಣ್ಣದ ಚಿತ್ರದ ಕಥೆ ಪುಸ್ತಕ ಕೊಟ್ಟರೆ ಓಡುತ್ತೆ ಅಂತ ಅವರಿಗೆ ಅನ್ನಿಸಿತು. ಅವರೇ ಮುಂದೆ ಹೇಳಿಕೊಂಡ ಪ್ರಕಾರ ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ, ಇಂಗ್ಲಿಷ್ ಸರಣಿ ಹನ್ನೊಂದರಿಂದ ಶುರುವಾದದ್ದು ಅದೇ ಕಾರಣಕ್ಕೆ. ಆ ಹತ್ತರಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಸಿಂಡ್ರೆಲಾ ಥರದ ಪರದೇಶದ ಕಿನ್ನರ ಕಥೆಗಳು. ಆದರೂ ಮಾರಾಟ ಚೆನ್ನಾಗಾಯಿತು. ಬೆಂಗಳೂರಿನ ಈ ಲೆಕ್ಕ ನೋಡಿದ ಮೇಲೆ ಮುಂಬೈನಲ್ಲಿದ್ದ ಐಬಿಎಚ್ ಮುಖ್ಯಸ್ಥ ಜಿ.ಎಲ್. ಮಿರ್ಚಂದಾನಿ ಅವರಿಗೆ ಇದರ ಮೇಲೆ ನಂಬಿಕೆ ಬಂತು.

ಅನಂತರಾಮ್ ಹೆಸರು ಈ ಕಥೆಯಲ್ಲಿ ಬಹಳ ಸಲ ಬಿಟ್ಟೇ ಹೋಗುತ್ತೆ. ಮೊದಲು ಕೌಂಟರಿನಲ್ಲಿ ನಿಂತು ಗಿರಾಕಿಯ ಮುಖ ನೋಡಿದವನ ಹೆಸರು ಯಾವಾಗಲೂ ಹಾಗೇ ಬಿಡಿ.

ಪೈ ಅವರ ಕಡೆ ಆ ಹೊತ್ತಿಗೆ ಬೇರೆಯದೇ ನಡೆಯುತ್ತಿತ್ತು. 1967ರ ಫೆಬ್ರವರಿಯಲ್ಲಿ ಅವರು ದೆಹಲಿಗೆ ಹೋಗಿದ್ದರು. ಆಗ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಒಂದು ಅಂಗಡಿಯಲ್ಲಿ ಹಾಕಿದ್ದ ಟಿವಿ ಮುಂದೆ ನಿಂತು ಕಾಲೇಜು ಹುಡುಗರ ಕ್ವಿಜ್ ನೋಡಿದರು. ಗ್ರೀಕರ ದೇವರ ಬಗ್ಗೆ ಕೇಳಿದ್ದಕ್ಕೆ ಹುಡುಗರು ಪಟ್ಟನೆ ಉತ್ತರ ಹೇಳಿದರು. ರಾಮನ ತಾಯಿ ಯಾರು ಅಂತ ಕೇಳಿದಾಗ ಯಾರ ಬಾಯಿಂದಲೂ ಕೌಸಲ್ಯೆಯ ಹೆಸರು ಬರಲಿಲ್ಲ. ಈ ಪ್ರಸಂಗವನ್ನು ಪೈ ಜೀವನಪೂರ್ತಿ ಹೇಳುತ್ತಾ ಬಂದರು. ನಮ್ಮ ಹಳ್ಳಿಯಲ್ಲಿ ಬಯಲಾಟ, ಹರಿಕಥೆ ನೋಡಿದ ಓದು ಬಾರದ ಅಜ್ಜಿಗೆ ಗೊತ್ತಿದ್ದ ಸಂಗತಿ ಅದು. ಇಂಗ್ಲಿಷ್ ಶಾಲೆಗೆ ಹೋದ ಹುಡುಗರಿಗೆ ಗೊತ್ತಿರಲಿಲ್ಲ. ಪೈ ಹಿಡಿದ ಗಿರಾಕಿ ಯಾರು ಅನ್ನೋದು ಇದರಲ್ಲೇ ತಿಳಿಯುತ್ತೆ: ಅಜ್ಜಿಯಿಂದ ದೂರವಾದ, ನಗರದ, ಇಂಗ್ಲಿಷ್ ಓದುವ ಮಗು.

ಕೈಯಲ್ಲಿದ್ದ ಕೆಲಸ ಬಿಟ್ಟರು. ಪ್ರಕಾಶಕರ ಬಾಗಿಲು ತಟ್ಟಿದರು. ಭಾರತದ ಪುರಾಣದ ಕಾಮಿಕ್ಸ್ ಯಾರ್ ಕೊಂಡ್ಕೋತಾರೆ ಅನ್ನೋದು ಹೆಚ್ಚಿನವರ ಪ್ರಶ್ನೆ. ಕೊನೆಗೆ ಹೂಂ ಅಂದವರು ಮಿರ್ಚಂದಾನಿ. ಕನ್ನಡದ ಹತ್ತು ಪುಸ್ತಕದ ಅನುಭವ ಅವರ ಬೆನ್ನಿಗಿತ್ತು. ಹೀಗೆ ಒಬ್ಬರ ಹಟ, ಇನ್ನೊಬ್ಬರ ಹಣ ಮತ್ತು ಗೋಡೌನ್ ಒಂದಾದವು. ಏನು ಬರೆಯಬೇಕು, ಹೇಗೆ ಚಿತ್ರ ಬರೆಸಬೇಕು ಅನ್ನೋದು ಪೈ ಪಾಲಿಗೆ. ಅಚ್ಚು, ಹಂಚಿಕೆ, ಸಾಲ, ವಸೂಲಿ ಐಬಿಎಚ್ ಪಾಲಿಗೆ. ಪುಸ್ತಕದ ಹೆಸರು, ಹಕ್ಕು, ದಾಸ್ತಾನು ಇದ್ದದ್ದೂ ಐಬಿಎಚ್ ಬಳಿ. ಈ ಕೊನೇ ಮಾತು ನೆನಪಿರಲಿ.

'ಕೃಷ್ಣ'ದ ಕಥೆಯನ್ನು ಪೈ ತಾವೇ ಬರೆದರು. ಚಿತ್ರ ರಾಮ್ ವಾಯಿರ್‌ಕರ್ ಅವರದ್ದು. ಅದರಲ್ಲಿ ಒಂದು ಸ್ವಾರಸ್ಯವಿದೆ. ವಿಜ್ಞಾನ ಓದಿದ ಪೈ ಅವರಿಗೆ ಪವಾಡಗಳನ್ನು ಹೇಗೆ ತೋರಿಸಬೇಕು ಅನ್ನೋ ಅಳುಕು ಇತ್ತು. ಮೊದಲ ಆವೃತ್ತಿಯಲ್ಲಿ ಗೋವರ್ಧನ ಬೆಟ್ಟದಂಥ ಪ್ರಸಂಗವನ್ನು ಆದಷ್ಟು ತಗ್ಗಿಸಿದರು. ವರ್ಷಗಳು ಕಳೆದು ಓದುಗರ ಒಲವು ತಿಳಿದ ಮೇಲೆ ಮತ್ತೆ ಬರೆಸಿದಾಗ ಕೃಷ್ಣ ಮತ್ತಷ್ಟು ದೇವರಾದ. ಗಿರಾಕಿಗೆ ಏನು ಬೇಕೋ ಅದು ಅಂಗಡಿಗೆ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಶುರುವಿನಲ್ಲಿ ಖರ್ಚು ಉಳಿಸಲು ಪೂರ್ತಿ ಬಣ್ಣವೂ ಇರಲಿಲ್ಲ. ಹಳದಿ, ನೀಲಿ, ಹಸಿರು ಅಷ್ಟರಲ್ಲೇ ಪುಟ ತುಂಬುತ್ತಿತ್ತು. ಕೃಷ್ಣನ ಮೈ ನೀಲಿ ಆಗಿದ್ದು ಪ್ರೆಸ್ಸಿನವರಿಗೂ ಅನುಕೂಲವೇ ಆಯಿತು ಅನ್ನಬಹುದು! ಮೊದಲ ಕೆಲವು ವರ್ಷ ಮಾರಾಟ ತೆವಳಿತು. ಕಾಮಿಕ್ಸ್ ಅಂದ್ರೆ ಮಕ್ಕಳು ಕೆಡ್ತಾರೆ ಅನ್ನೋ ಮೇಷ್ಟ್ರುಗಳ ಕಾಲ ಅದು. ಪುಸ್ತಕದಂಗಡಿಯವರು ತೆಳ್ಳನೆ ಪುಸ್ತಕಕ್ಕೆ ಜಾಗ ಕೊಡಲು ಹಿಂದೆ ಮುಂದೆ ನೋಡಿದರು. ಪೆಟ್ರೋಲ್ ಬಂಕ್, ಹೋಟೆಲುಗಳಲ್ಲಿ ಸ್ಟ್ಯಾಂಡ್ ಇಡಿಸುವ ಕೆಲಸಕ್ಕೆ ಪೈ ತಾವೇ ಓಡಾಡಿದರು. ಶಾಲೆ ಶಾಲೆಗೆ ಹೋಗಿ ಪ್ರಿನ್ಸಿಪಾಲರನ್ನು ಒಪ್ಪಿಸಿದರು. 1978ರಲ್ಲಿ ದೆಹಲಿಯಲ್ಲಿ ಶಾಲಾ ಪಾಠಕ್ಕೆ ಚಿತ್ರ ಕಥೆ ಹೇಗೆ ನೆರವಾಗುತ್ತೆ ಅಂತ ವಿಚಾರ ಸಂಕಿರಣವನ್ನೇ ನಡೆಸಿದರು. ಕೇಂದ್ರ ಶಿಕ್ಷಣ ಸಚಿವರು ಬಂದರು. ಮೇಷ್ಟ್ರುಗಳ ಸಿಟ್ಟು ಇಳಿಯಿತು.

ಈ ವ್ಯಾಪಾರದ ಗುಟ್ಟು ಒಂದಿದೆ. ವಾರಪತ್ರಿಕೆ ಈ ವಾರ ಹೋಗದಿದ್ರೆ ಮುಂದಿನ ವಾರ ರದ್ದಿ. ಅಮರ ಚಿತ್ರ ಕಥೆಗೆ ಆ ಭಯ ಇರಲಿಲ್ಲ. ಹರಿಶ್ಚಂದ್ರನಿಗೆ ತಾರೀಖು ಏನು? ಇವತ್ತು ಹೋಗದಿದ್ರೆ ಮುಂದಿನ ಬೇಸಿಗೆ ರಜಕ್ಕೆ ಹೋಗುತ್ತೆ. ಖಾಲಿಯಾದರೆ ಮತ್ತೆ ಅಚ್ಚು. ಹೊಸದು ಬಂದಷ್ಟೂ ಹಳೆಯದಕ್ಕೂ ಕರೆ. ಹೀಗೆ ಪಟ್ಟಿ ಬೆಳೆದು ನಾನೂರು ದಾಟಿತು. ಇಪ್ಪತ್ತರಷ್ಟು ಭಾಷೆಗೆ ಹೋಯಿತು. ಒಟ್ಟು ಒಂಬತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಅನ್ನೋದು ಸಂಸ್ಥೆಯ ಲೆಕ್ಕ.

ಪೈ ಒಬ್ಬರೇ ಎಲ್ಲಾ ಮಾಡಲಿಲ್ಲ. ಕಥೆ ಬರೆಯಲು, ತಿದ್ದಲು ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಇದ್ದರು. ಪ್ರತಾಪ್ ಮುಳೀಕ್, ದಿಲೀಪ್ ಕದಂ, ಸೌರೇನ್ ರಾಯ್ ಕುಂಚ ಹಿಡಿದರು. 'ಮೀರಾಬಾಯಿ' ಪುಸ್ತಕಕ್ಕೆ ಚಿತ್ರ ಬರೆದದ್ದು ಯೂಸುಫ್ ಲೀನ್. ಕೃಷ್ಣಭಕ್ತೆಯ ಮುಖವನ್ನು ಮನೆ ಮನೆಗೆ ಮುಟ್ಟಿಸಿದವರು ಅವರು. ಪೈ ಕಚೇರಿಯಲ್ಲಿ ಇದು ವಿಶೇಷ ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಈಗ ನಮಗೆ ಅನ್ನಿಸುತ್ತೆ.

ಕರ್ನಾಟಕದವರೂ ಆ ಪಟ್ಟಿಯಲ್ಲಿ ಬಂದರು. ಬಸವೇಶ್ವರ, ಪುರಂದರದಾಸರು, ಕೃಷ್ಣದೇವರಾಯ, ಟಿಪ್ಪು ಸುಲ್ತಾನ್. ತೆನಾಲಿ ರಾಮನಂತೂ ಬಂದೇ ಬಂದ. ಆದರೆ ನಮ್ಮ ಸೂಳೆಕೆರೆಯ ಶಾಂತವ್ವ ಬರಲಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಹುಟ್ಟಿದ ಸಂತ ಸೇವಾಲಾಲರೂ ಬರಲಿಲ್ಲ. ಮುಂಬೈನಲ್ಲಿ ಕೂತವರಿಗೆ ಪುಸ್ತಕದಲ್ಲಿ ಬರೆದಿಟ್ಟ ಕಥೆ ಸಿಗುತ್ತೆ, ತಾಂಡಾದಲ್ಲಿ ಹಾಡುವ ಕಥೆ ಸಿಗೋದಿಲ್ಲ. ಇದನ್ನು ದೂರು ಅಂತ ಹೇಳ್ತಿಲ್ಲ, ಆದರೆ ನಾನೂರು ಪುಸ್ತಕದಲ್ಲಿ ನಮ್ಮ ನಾಲ್ಕು ತಾಲ್ಲೂಕಿಗೆ ಒಂದು ಪುಟವೂ ಇಲ್ಲ ಅನ್ನೋದು ಕೊಂಚ ಕಸಿವಿಸಿಯೇ.

ದೂರು ಹೇಳಿದವರು ಬೇರೆ ಇದ್ದರು, ಅವರ ಮಾತಿಗೆ ತೂಕವೂ ಇತ್ತು. ನಾಯಕರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಯಾಕೆ? ಹೆಣ್ಣು ಅಂದ್ರೆ ಒಂದೇ ಅಳತೆಯ ಸುಂದರಿ ಯಾಕೆ? ಅಂಬೇಡ್ಕರ್ ಪುಸ್ತಕ ಬರಲು 1979 ಆಗಬೇಕಿತ್ತಾ? ವಾಲ್ಮೀಕಿ ಕುರಿತ ಪುಸ್ತಕದಲ್ಲಿ ಋಷಿಯನ್ನು ಮೊದಲು ದರೋಡೆಕೋರನಾಗಿ ತೋರಿಸಿದ್ದಕ್ಕೆ ಪಂಜಾಬಿನಲ್ಲಿ ವಾಲ್ಮೀಕಿ ಸಮುದಾಯದವರು ತಿರುಗಿಬಿದ್ದರು. ಜಗಳೂರಿನ ಓದುಗರಿಗೆ ಆ ನೋವು ಏನು ಅಂತ ವಿವರಿಸಬೇಕಾಗಿಲ್ಲ. ನಂದಿನಿ ಚಂದ್ರ, ಕಾರ್ಲಿನ್ ಮೆಕ್ಲೇನ್ ಥರದ ವಿದ್ವಾಂಸರು ಈ ಪುಸ್ತಕಗಳನ್ನು ಪುಟ ಪುಟ ಬಿಡಿಸಿ ಗ್ರಂಥಗಳನ್ನೇ ಬರೆದರು. ಪೈ ಕೆಲವನ್ನು ತಿದ್ದಿಕೊಂಡರು, ಕೆಲವನ್ನು ಹಾಗೇ ಬಿಟ್ಟರು. ಅವರ ಉದ್ದೇಶ ಒಳ್ಳೆಯದಿತ್ತು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಮಕ್ಕಳ ಕಣ್ಣಿಗೆ ಬಿದ್ದ ಬಣ್ಣ ಸುಲಭಕ್ಕೆ ಅಳಿಸೋದಿಲ್ಲ.

ಪೈ ಅವರ ದುಡಿಮೆಯ ವೇಗ ನೋಡಿದ್ರೆ ಆಶ್ಚರ್ಯ ಆಗುತ್ತೆ. 1969ರಲ್ಲಿ ರಂಗ್ ರೇಖಾ ಫೀಚರ್ಸ್ ಅಂತ ಪತ್ರಿಕೆಗಳಿಗೆ ಚಿತ್ರಕಥೆ, ಕಾರ್ಟೂನ್ ಒದಗಿಸುವ ಸಂಸ್ಥೆ ಕಟ್ಟಿದರು. 1978ರಲ್ಲಿ ಮಕ್ಕಳ ವ್ಯಕ್ತಿತ್ವ ಬೆಳವಣಿಗೆಗೆ ಅಂಚೆಯ ಮೂಲಕ ಪಾಠ ಶುರು ಮಾಡಿದರು. 1980ರಲ್ಲಿ 'ಟಿಂಕಲ್' ಬಂತು. ಹೆಸರಿಗಾಗಿ ಸಭೆ ನಡೀತಿದ್ದಾಗ ಫೋನ್ ಬಂತಂತೆ, ಆಮೇಲೆ ಟಿಂಕಲ್ ಮಾಡ್ತೀನಿ ಅಂತ ಹೇಳಿ ಇಟ್ಟರಂತೆ, ಅದೇ ಹೆಸರಾಯಿತಂತೆ. ಅದರಲ್ಲಿ ಬಂದ ಪೆದ್ದ ಸುಪ್ಪಾಂಡಿ, ಪುಕ್ಕಲ ಶಿಕಾರಿ ಶಂಭು ಮಕ್ಕಳ ಮನೆಮಂದಿಯಾದರು. ರಾಶಿ ರಾಶಿ ಕಾಗದ ಬರುತ್ತಿದ್ದವು. ಅಂಕಲ್ ಪೈ ಅಂತ ಸಹಿ ಹಾಕಿ ಉತ್ತರ ಹೋಗುತ್ತಿತ್ತು. ಪೈ ಮತ್ತು ಲಲಿತಾ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ.

ಎಂಬತ್ತರ ದಶಕ ಏರುಗಾಲ. ಮಹಾಭಾರತವನ್ನು 42 ಪುಸ್ತಕಗಳಲ್ಲಿ ತರುವ ಧೈರ್ಯ ಮಾಡಿದ್ದೂ ಆಗಲೇ. ಆದರೆ ಅದೇ ಹೊತ್ತಿಗೆ, 1987ರ ಜನವರಿಯಲ್ಲಿ, ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ ರಾಮಾಯಣ ಬಂತು. 1988ರಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ. ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಎಳೆದು, ಟಿವಿ ಇದ್ದವರ ಮನೆ ಪಡಸಾಲೆಯಲ್ಲಿ ಊರೇ ಕೂತ ದಿನಗಳು ಹಿರಿಯರಿಗೆ ಮರೆತಿರೋದಿಲ್ಲ. ರಾಮ ಕೃಷ್ಣರು ಮನೆಯೊಳಗೇ ನಡೆದಾಡಿ ಮಾತಾಡಿದ ಮೇಲೆ 32 ಪುಟದ ಪುಸ್ತಕ ಕೊಂಡು ಯಾರು ನೋಡ್ತಾರೆ? ಟಿವಿ ಮುಂದೆ ನಿಂತಾಗ ಪೈ ತಲೆಗೆ ಹೊಳೆದ ಕೆಲಸಕ್ಕೆ ಇಪ್ಪತ್ತು ವರ್ಷದ ನಂತರ ಟಿವಿಯೇ ಎದುರು ನಿಂತಿತು. ತೊಂಬತ್ತರ ಹೊತ್ತಿಗೆ ಕೇಬಲ್ಲೂ ಬಂತು. 1990ರಲ್ಲಿ ಇಂದ್ರಜಾಲ ಕಾಮಿಕ್ಸ್ ಮುಚ್ಚಿತು. 1991ರಲ್ಲಿ ಐಬಿಎಚ್ ಅಮರ ಚಿತ್ರ ಕಥೆಯ ಹೊಸ ಪುಸ್ತಕಗಳನ್ನು ನಿಲ್ಲಿಸಿತು.

ಅಂಗಡಿ ಬಾಗಿಲು ಹಾಕಲಿಲ್ಲ, ಹೊಸ ಸರಕು ತರಿಸೋದು ನಿಲ್ಲಿಸಿದರು ಅನ್ನಿ. ಹಳೆಯ ಪುಸ್ತಕಗಳು ಮರುಮುದ್ರಣ ಆಗುತ್ತಿದ್ದವು, ಮೂರು ಐದು ಸೇರಿಸಿ ದಪ್ಪ ಸಂಪುಟ ಮಾಡಿ ಮಾರಾಟವಾದವು. ಟಿಂಕಲ್ ನಡೆಯುತ್ತಿತ್ತು. ಪೈ ಪ್ರತಿದಿನ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಸಣ್ಣ ಊರುಗಳ ಬಸ್‌ಸ್ಟ್ಯಾಂಡ್ ಅಂಗಡಿಗಳ ದಾರಕ್ಕೆ ನೇತುಹಾಕಿದ್ದ ಚಿತ್ರದ ಪುಸ್ತಕಗಳ ಜಾಗಕ್ಕೆ ನಿಧಾನವಾಗಿ ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ ಬಂದವು. ಕನ್ನಡದ ಪ್ರತಿ ಸಿಗೋದಂತೂ ಅಪರೂಪವಾಯಿತು. ಕನ್ನಡದಲ್ಲೇ ಮೊದಲ ಗಳಿಕೆ ಕಂಡ ಸರಣಿಗೆ ಕನ್ನಡದಲ್ಲೇ ಹೀಗಾಯಿತು. ಈಗ ನಮ್ಮ ಕಡೆ ಮಕ್ಕಳಿಗೆ ಕೊಡಿಸಬೇಕು ಅಂದ್ರೆ ಇಂಗ್ಲಿಷ್ ಪ್ರತಿಯನ್ನು ಆನ್‌ಲೈನಿನಲ್ಲಿ ತರಿಸಬೇಕು.

2007ರಲ್ಲಿ ಐಬಿಎಚ್ ಅಮರ ಚಿತ್ರ ಕಥೆ ಮತ್ತು ಟಿಂಕಲ್ ಎರಡನ್ನೂ ಮಾರಿತು. ಕೊಂಡದ್ದು ಹೊಸದಾಗಿ ಹುಟ್ಟಿದ ಎಸಿಕೆ ಮೀಡಿಯಾ. ಸಮೀರ್ ಪಾಟೀಲ್ ಅದರ ಮುಂಚೂಣಿಯಲ್ಲಿದ್ದರು. ಅನಿಮೇಷನ್, ಇಂಟರ್‌ನೆಟ್, ಮೊಬೈಲ್ ಅಂತ ಯೋಜನೆ. 1967ರಲ್ಲಿ ಶುರುವಾದ ಪೈ ಮತ್ತು ಐಬಿಎಚ್ ಜೋಡಿಗೆ ಅಲ್ಲಿಗೆ ನಲವತ್ತು ವರ್ಷ. ಜಗಳ ಆಗಿ ಒಡೆದ ಪಾಲುದಾರಿಕೆ ಅಲ್ಲ ಅದು. ಹೆಸರಿನ ಹಕ್ಕು ಯಾರ ಬಳಿ ಇತ್ತೋ ಅವರು ಮಾರಿದರು. ದೇಶವೆಲ್ಲ ಯಾರ ಹೆಸರಿನಿಂದ ಆ ಪುಸ್ತಕ ಗುರುತಿಸುತ್ತಿತ್ತೋ ಅವರು ಹೊಸ ಮಾಲೀಕರ ಜೊತೆ ಮುಂದುವರಿದರು. ಆಗ ಪೈ ಅವರಿಗೆ 78. ಐಬಿಎಚ್ ಕಡೆಯಿಂದ ನೋಡಿದರೂ ತಪ್ಪು ಅನ್ನಲಾಗದು. ಬೇರೆಯವರು ಬಾಗಿಲು ಹಾಕಿಕೊಂಡಾಗ ಹಣ ಹಾಕಿದ್ದು, ಮಾರಾಟ ತೆವಳಿದ ವರ್ಷಗಳಲ್ಲಿ ನಷ್ಟ ಹೊತ್ತದ್ದು ಅವರೇ. ಕಾಗದ ಪತ್ರ ಮಾಡಿಕೊಂಡು ಪಾಲು ವ್ಯಾಪಾರ ಮಾಡುವ ನಮ್ಮ ಅಂಗಡಿಯವರು ಇದನ್ನು ಎರಡೂ ಕಡೆಯಿಂದ ತೂಗಿ ನೋಡಬಹುದು.

2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ನಡೆಯಿತು. ಅಲ್ಲಿ ಅನಂತ ಪೈ ಅವರಿಗೆ ಜೀವಮಾನ ಸಾಧನೆಯ ಗೌರವ. ಅದಕ್ಕೂ ಕೆಲವೇ ದಿನ ಮೊದಲು ಬಿದ್ದು ಮೂಳೆ ಮುರಿದುಕೊಂಡು ಅವರು ಆಸ್ಪತ್ರೆ ಸೇರಿದ್ದರು. ಗೌರವ ಸಂದ ಐದೇ ದಿನಕ್ಕೆ, ಫೆಬ್ರವರಿ 24ರ ಸಂಜೆ ಹೃದಯಾಘಾತದಿಂದ ಮುಂಬೈನಲ್ಲಿ ತೀರಿಕೊಂಡರು. 81 ವರ್ಷ ವಯಸ್ಸಾಗಿತ್ತು. ಅದೇ ವರ್ಷ ಸೆಪ್ಟೆಂಬರ್ 17ರಂದು ಗೂಗಲ್ ತನ್ನ ಮುಖಪುಟದಲ್ಲಿ ಕಾಮಿಕ್ಸ್ ಚೌಕಟ್ಟಿನೊಳಗೆ ಅವರ ಚಿತ್ರ ಹಾಕಿತ್ತು. ಎಸಿಕೆ ಮೀಡಿಯಾದ ದೊಡ್ಡ ಪಾಲು 2011ರ ಕೊನೆಯ ಹೊತ್ತಿಗೆ ಫ್ಯೂಚರ್ ಗ್ರೂಪ್ ಕೈಗೆ ಹೋಯಿತು. ಹೊಸ ಪುಸ್ತಕಗಳು ಈಗಲೂ ಬರುತ್ತಿವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಓದುಗರಲ್ಲಿ ಯಾರ ಹತ್ತಿರವಾದರೂ 1965ರ ಆ ಕನ್ನಡದ ಹತ್ತು ಪುಸ್ತಕಗಳಲ್ಲಿ ಒಂದಾದರೂ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೋ ತೆಗೆದು ನಮಗೆ ಕಳಿಸಿ, ಪ್ರಕಟಿಸುತ್ತೇವೆ.